ಚಳಿಗಾಲದ ಮೊಟ್ಟೆ ಉತ್ಪಾದನೆ: ಬೆಳಕು, ಆಹಾರ ಮತ್ತು ಲಾಭನಷ್ಟದ ಲೆಕ್ಕ

ಮೊಟ್ಟೆಯ ವ್ಯಾಪಾರದಲ್ಲಿ ನವೆಂಬರ್‌ನಿಂದ ಜನವರಿಯವರೆಗಿನ ಅವಧಿಯು ಸಾಮಾನ್ಯವಾಗಿ ಬೇಡಿಕೆ ಏರುವ ಕಾಲ. ಉತ್ತರ ಭಾರತದಲ್ಲಿ ಚಳಿಯೊಂದಿಗೆ ಮೊಟ್ಟೆಯ ಬಳಕೆ ಹೆಚ್ಚುತ್ತದೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಿಮಿತ್ತ ಬೇಕರಿಗಳ ಖರೀದಿಯೂ ಏರುತ್ತದೆ. 1982ರಲ್ಲಿ ಆರಂಭವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ಬೆಂಗಳೂರು, ಮೈಸೂರು, ಹೊಸಪೇಟೆ ಮೊದಲಾದ ಕೇಂದ್ರಗಳಿಗೆ ಪ್ರಕಟಿಸುವ ಸೂಚಕ ದರಗಳನ್ನು ವರ್ಷವಿಡೀ ಗಮನಿಸುವವರಿಗೆ ಈ ಏರಿಳಿತವು ಹೊಸದಲ್ಲ. ಆದರೆ ದರವು ಏರುವ ಈ ಕಾಲದಲ್ಲಿಯೇ ಅನೇಕ ಸಣ್ಣ ಕೋಳಿ ಸಾಕಣೆ ಘಟಕಗಳಲ್ಲಿ ಇಳುವರಿಯು ಕುಸಿಯುವುದುಂಟು. ದರವಿದ್ದಾಗ ಸರಕಿಲ್ಲ, ಸರಕಿದ್ದಾಗ ದರವಿಲ್ಲ ಎಂಬ ಸ್ಥಿತಿಯಿಂದ ಸಾಕಣೆದಾರನು ಸಾಲದ ಕಂತನ್ನು ತಪ್ಪಿಸುತ್ತಾನೆ. ಅವನನ್ನು ನಂಬಿ ಪೂರೈಕೆಯ ಒಪ್ಪಂದ ಮಾಡಿಕೊಂಡ ವರ್ತಕನು ಗ್ರಾಹಕರನ್ನು ಕಳೆದುಕೊಳ್ಳುತ್ತಾನೆ.

ಈ ನಷ್ಟದ ಬಹುಪಾಲನ್ನು ತಡೆಯಲು ಸಾಧ್ಯವಿದೆ. ಅದಕ್ಕೆ ಬೇಕಾದುದು ದುಬಾರಿ ಯಂತ್ರೋಪಕರಣಗಳಲ್ಲ. ಕೋಳಿಯು ಮೊಟ್ಟೆಯಿಡುವ ಕ್ರಮದ ಸರಿಯಾದ ತಿಳಿವಳಿಕೆ ಮತ್ತು ದಿನನಿತ್ಯದ ಶಿಸ್ತು. ಐದು ಸಾವಿರ ಕೋಳಿಗಳ ಒಂದು ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಕಾರಣ ಚಳಿಯೇ, ಬೆಳಕೇ?

ಚಳಿಗಾಲದಲ್ಲಿ ಇಳುವರಿ ಕಡಿಮೆಯಾದೊಡನೆ ಚಳಿಯನ್ನು ದೂರುವುದು ಸಾಮಾನ್ಯ ರೂಢಿ. ಹಿಮ ಬೀಳುವ ದೇಶಗಳಲ್ಲಿ ಇದಕ್ಕೆ ಆಧಾರವಿದೆ. ಕರ್ನಾಟಕದ ಮಟ್ಟಿಗೆ ಈ ವಾದವು ಪೂರ್ಣ ಸತ್ಯವಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್ ಹಾಗೂ ಜನವರಿ ತಿಂಗಳುಗಳ ಸರಾಸರಿ ಕನಿಷ್ಠ ಉಷ್ಣಾಂಶವು ಸುಮಾರು 15ರಿಂದ 16 ಡಿಗ್ರಿ ಸೆಲ್ಸಿಯಸ್. ಬೀದರ್, ವಿಜಯಪುರ, ಬೆಳಗಾವಿಗಳಲ್ಲಿ ಕೆಲವು ರಾತ್ರಿಗಳಂದು ಇದು ಇನ್ನೂ ಕೆಳಗಿಳಿಯುತ್ತದೆ. ಕೋಳಿಯ ದೇಹದ ಉಷ್ಣಾಂಶ ಸುಮಾರು 41 ಡಿಗ್ರಿ. ಅದರ ಮೈಮೇಲೆ ಪುಕ್ಕಗಳ ಹೊದಿಕೆಯಿದೆ. ಬೆಳೆದ ಆರೋಗ್ಯವಂತ ಕೋಳಿಯು ಇಂತಹ ಚಳಿಯನ್ನು ತಡೆದುಕೊಳ್ಳಬಲ್ಲದು. ಚಳಿಯಿಂದ ಅದು ಹೆಚ್ಚು ತಿನ್ನುತ್ತದೆಯೇ ಹೊರತು, ಚಳಿಯೊಂದರಿಂದಲೇ ಮೊಟ್ಟೆಯಿಡುವುದನ್ನು ಸುಲಭವಾಗಿ ನಿಲ್ಲಿಸುವುದಿಲ್ಲ.

ನಿಜವಾದ ಬದಲಾವಣೆ ಇರುವುದು ಹಗಲಿನ ಅವಧಿಯಲ್ಲಿ. ಬೆಂಗಳೂರಿನಲ್ಲಿ ಜೂನ್ 21ರ ಸುಮಾರಿಗೆ ಹಗಲು ಹೆಚ್ಚುಕಡಿಮೆ 12 ಗಂಟೆ 50 ನಿಮಿಷಗಳಷ್ಟು ದೀರ್ಘವಾಗಿರುತ್ತದೆ. ಡಿಸೆಂಬರ್ 21ರ ವೇಳೆಗೆ ಅದು ಸುಮಾರು 11 ಗಂಟೆ 20 ನಿಮಿಷಗಳಿಗೆ ಇಳಿಯುತ್ತದೆ. ಉತ್ತರದ ಬೀದರ್‌ನಲ್ಲಿ ಈ ಇಳಿಕೆಯು ಇನ್ನೂ ಹೆಚ್ಚು. ಒಂದೂವರೆ ಗಂಟೆಯ ಈ ವ್ಯತ್ಯಾಸವು ಮನುಷ್ಯರ ಗಮನಕ್ಕೆ ಅಷ್ಟಾಗಿ ಬಾರದಿದ್ದರೂ ಕೋಳಿಯ ದೇಹವು ಅದನ್ನು ತಪ್ಪದೆ ಗುರುತಿಸುತ್ತದೆ.

ಕೋಳಿಯ ದೇಹದಲ್ಲಿ ಬೆಳಕಿನ ಕೆಲಸ

ಕೋಳಿಗೆ ಬೆಳಕು ಕೇವಲ ಕಣ್ಣಿನ ಮೂಲಕ ತಲುಪುವುದಿಲ್ಲ. ಅದು ತಲೆಬುರುಡೆಯನ್ನು ಹಾದು ಮೆದುಳಿನ ಹೈಪೋಥಲಾಮಸ್ ಎಂಬ ಭಾಗವನ್ನು ಪ್ರಚೋದಿಸುತ್ತದೆ. ಅಲ್ಲಿಂದ ಹೊರಡುವ ಸಂಕೇತವು ಪಿಟ್ಯುಟರಿ ಗ್ರಂಥಿಯನ್ನು ತಲುಪಿ, ಆ ಗ್ರಂಥಿಯು ಸ್ರವಿಸುವ ಹಾರ್ಮೋನುಗಳು ಅಂಡಾಶಯವನ್ನು ಕ್ರಿಯಾಶೀಲವಾಗಿಡುತ್ತವೆ. ಹಗಲು ದೀರ್ಘವಾಗಿದ್ದರೆ ಸಂತಾನೋತ್ಪತ್ತಿಗೆ ಅನುಕೂಲ ಕಾಲವೆಂದೂ, ಹಗಲು ಕುಗ್ಗುತ್ತಿದ್ದರೆ ಪ್ರತಿಕೂಲ ಕಾಲವೆಂದೂ ಪ್ರಕೃತಿಯು ಪಕ್ಷಿಗಳಿಗೆ ಕಲಿಸಿರುವ ಪಾಠವಿದು. ಹಗಲು ಕುಗ್ಗಿದಾಗ ವಯಸ್ಸಾದ ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸಿ ಪುಕ್ಕ ಉದುರಿಸಿ ಹೊಸ ಪುಕ್ಕ ಪಡೆಯಲು ತೊಡಗುತ್ತವೆ.

ಒಂದು ಮೊಟ್ಟೆಯು ಅಂಡಾಶಯದಿಂದ ಹೊರಟು ಪೂರ್ಣಗೊಳ್ಳಲು ಸುಮಾರು 25 ಗಂಟೆಗಳು ಬೇಕು. ಇದರಲ್ಲಿ ಸುಮಾರು 20 ಗಂಟೆಗಳು ಕವಚದ ರಚನೆಗೇ ಸಲ್ಲುತ್ತವೆ. ಇದಕ್ಕೆ ಮೊದಲು ಹಳದಿ ಭಾಗವು ಬೆಳೆದು ಪಕ್ವವಾಗಲು ಒಂದು ವಾರಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆದುದರಿಂದ ಬೆಳಕಿನಲ್ಲಿ ಇಂದು ಆದ ಲೋಪವು ನಾಳಿನ ಬುಟ್ಟಿಯಲ್ಲಿ ಕಾಣುವುದಿಲ್ಲ. ಅನೇಕ ವೇಳೆ ಒಂದೆರಡು ವಾರಗಳ ನಂತರವಷ್ಟೇ ಪೂರ್ಣವಾಗಿ ಪ್ರಕಟವಾಗುತ್ತದೆ. ಅಷ್ಟರಲ್ಲಿ ಸಾಕಣೆದಾರನು ದೀಪ ಕೆಟ್ಟಿದ್ದನ್ನು ಮರೆತಿರುತ್ತಾನೆ. ಆಹಾರವನ್ನೋ ಔಷಧಿಯನ್ನೋ ಬದಲಿಸಿ ಖರ್ಚನ್ನು ಹೆಚ್ಚಿಸಿಕೊಳ್ಳುತ್ತಾನೆ.

ಹದಿನಾರು ಗಂಟೆಗಳ ದಿನ

ಮೊಟ್ಟೆಯಿಡುವ ಕೋಳಿಗಳಿಗೆ ನೈಸರ್ಗಿಕ ಹಾಗೂ ಕೃತಕ ಬೆಳಕು ಸೇರಿ ದಿನಕ್ಕೆ ಒಟ್ಟು 16 ಗಂಟೆಗಳ ಬೆಳಕು ನೀಡುವುದು ಉದ್ಯಮದಲ್ಲಿ ರೂಢಿಗತವಾಗಿದೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಹಗಲು 11 ಗಂಟೆ 20 ನಿಮಿಷವಾದರೆ, ಉಳಿದ 4 ಗಂಟೆ 40 ನಿಮಿಷಗಳನ್ನು ದೀಪದಿಂದ ತುಂಬಬೇಕು. ಬೆಳಗಿನ ಜಾವ 4-30ಕ್ಕೆ ದೀಪ ಹಚ್ಚಿ ಚೆನ್ನಾಗಿ ಬೆಳಕು ಹರಿದ ಮೇಲೆ ಆರಿಸುವುದು, ಸಂಜೆ ಸೂರ್ಯಾಸ್ತಕ್ಕೆ ಮೊದಲೇ ಹಚ್ಚಿ ರಾತ್ರಿ 8-30ಕ್ಕೆ ಆರಿಸುವುದು ಅನುಕೂಲಕರ ಕ್ರಮ. ವರ್ಷವಿಡೀ ಈ ಎರಡು ಗಡಿಗಳನ್ನು ಬದಲಿಸದಿದ್ದರೆ ಹೊರಗಿನ ಹಗಲು ಎಷ್ಟೇ ಕುಗ್ಗಿದರೂ ಕೋಳಿಮನೆಯ ಒಳಗಿನ ದಿನವು ಕುಗ್ಗುವುದಿಲ್ಲ.

ಬೆಳಕಿನ ಪ್ರಖರತೆಯು ಕೋಳಿಯ ಮಟ್ಟದಲ್ಲಿ 10ರಿಂದ 20 ಲಕ್ಸ್ ಇದ್ದರೆ ಸಾಕು. ಆಹಾರದ ತೊಟ್ಟಿಯ ಬಳಿ ದಿನಪತ್ರಿಕೆಯನ್ನು ಓದಲು ಸಾಧ್ಯವಾಗುವಷ್ಟು ಬೆಳಕೆಂದು ಸ್ಥೂಲವಾಗಿ ಹೇಳಬಹುದು. ಅತಿ ಪ್ರಖರ ಬೆಳಕಿನಿಂದ ಕೋಳಿಗಳು ಒಂದನ್ನೊಂದು ಕುಕ್ಕುವ ಚಟಕ್ಕೆ ಬೀಳುತ್ತವೆ. ನೆಲದಿಂದ 7-8 ಅಡಿ ಎತ್ತರದಲ್ಲಿ, ನೆರಳಿನ ಮೂಲೆಗಳು ಉಳಿಯದಂತೆ ಬಲ್ಬುಗಳನ್ನು ಹಂಚಬೇಕು. ಕೆಂಪು-ಹಳದಿ ಛಾಯೆಯ ಬೆಳಕು ತಲೆಬುರುಡೆಯನ್ನು ಹೆಚ್ಚು ಸುಲಭವಾಗಿ ಹಾಯುವುದರಿಂದ ನೀಲಿ ಛಾಯೆಯ ಬಲ್ಬಿಗಿಂತ ಹಳದಿ ಛಾಯೆಯ ಎಲ್‌ಇಡಿ ಬಲ್ಬು ಸೂಕ್ತ. ದೂಳು ಮತ್ತು ಜೇಡರ ಬಲೆ ಹಿಡಿದ ಬಲ್ಬು ಬೆಳಕಿನ ಬಹುಭಾಗವನ್ನು ನುಂಗುವುದರಿಂದ ವಾರಕ್ಕೊಮ್ಮೆ ಒರೆಸುವುದು ಅಗತ್ಯ.

ಇಡೀ ಬೆಳಕಿನ ನಿರ್ವಹಣೆಯನ್ನು ಒಂದೇ ಸೂತ್ರದಲ್ಲಿ ಹೇಳುವುದಾದರೆ: ಬೆಳೆಯುವ ಕೋಳಿಗೆ ಬೆಳಕನ್ನು ಹೆಚ್ಚಿಸಬಾರದು, ಮೊಟ್ಟೆಯಿಡುವ ಕೋಳಿಗೆ ಬೆಳಕನ್ನು ತಗ್ಗಿಸಬಾರದು. ಎಳೆಯ ಕೋಳಿಗೆ ಬೆಳಕು ಹೆಚ್ಚಿದರೆ ದೇಹ ಬಲಿಯುವ ಮೊದಲೇ ಮೊಟ್ಟೆಯಿಡಲಾರಂಭಿಸಿ, ಮೊಟ್ಟೆಗಳು ಚಿಕ್ಕವಾಗುತ್ತವೆ. ಗರ್ಭದ್ವಾರ ಹೊರಬಂದು ಸಾಯುವ ಕೋಳಿಗಳ ಸಂಖ್ಯೆಯೂ ಹೆಚ್ಚುತ್ತದೆ.

ವಿದ್ಯುತ್ ಕಡಿತದ ಸಮಸ್ಯೆ

ದೀಪಗಳನ್ನು ಅಳವಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗ್ರಾಮಾಂತರ ಪ್ರದೇಶದಲ್ಲಿ ಸಂಜೆ ಅಥವಾ ಬೆಳಗಿನ ಜಾವ ವಿದ್ಯುತ್ ಕಡಿತವಾದರೆ, ದೀಪವೇ ಇಲ್ಲದ ಕೋಳಿಮನೆಗೂ ಅದಕ್ಕೂ ವ್ಯತ್ಯಾಸವಿಲ್ಲ. ಒಂದು ದಿನ 16 ಗಂಟೆ, ಮರುದಿನ 13 ಗಂಟೆ ಎಂಬ ಅನಿಯಮಿತ ಬೆಳಕು ಹಿಂಡಿನ ಲಯವನ್ನು ಕೆಡಿಸುತ್ತದೆ.

ಸ್ವಯಂಚಾಲಿತ ಟೈಮರ್ ಅಳವಡಿಸಿದವರು ಇನ್ನೊಂದು ಅಂಶವನ್ನು ಗಮನಿಸಬೇಕು. ಒಳಗೆ ಬ್ಯಾಟರಿಯಿಲ್ಲದ ಟೈಮರಿನ ಗಡಿಯಾರವು ವಿದ್ಯುತ್ ಹೋದಾಗ ನಿಂತುಬಿಡುತ್ತದೆ. ದಿನಕ್ಕೆ ಒಂದು ಗಂಟೆ ಕಡಿತವಿದ್ದರೆ ವಾರದೊಳಗೆ ಗಡಿಯಾರವು ಏಳು ಗಂಟೆ ಹಿಂದೆ ಬಿದ್ದು, ಜಾವದಲ್ಲಿ ಹತ್ತಬೇಕಾದ ದೀಪವು ನಡುಹಗಲಿನಲ್ಲಿ ಹತ್ತುತ್ತದೆ. ಹಗಲಿನಲ್ಲಿ ಉರಿಯುವ ದೀಪವನ್ನು ಯಾರೂ ಗಮನಿಸುವುದಿಲ್ಲ. ಆದುದರಿಂದ ಬ್ಯಾಟರಿಯುಳ್ಳ ಟೈಮರನ್ನೇ ಕೊಳ್ಳಬೇಕು ಹಾಗೂ ಅದರ ಸಮಯವನ್ನು ವಾರಕ್ಕೊಮ್ಮೆ ಕೈಗಡಿಯಾರದೊಂದಿಗೆ ತಾಳೆ ನೋಡಬೇಕು.

ಎಲ್‌ಇಡಿ ಬಲ್ಬುಗಳು ಬಂದ ಮೇಲೆ ಬದಲಿ ವಿದ್ಯುತ್ತಿನ ವ್ಯವಸ್ಥೆಯು ಸಣ್ಣ ಘಟಕಗಳಿಗೂ ಎಟುಕುವಂತಾಗಿದೆ. ಐದು ಸಾವಿರ ಕೋಳಿಗಳನ್ನು ನೆಲದ ಮೇಲೆ ಹೊಟ್ಟು ಹರಡಿ ಸಾಕಿದರೆ, ತಲಾ 2 ಚದರ ಅಡಿಯಂತೆ 10,000 ಚದರ ಅಡಿಯ ಕೋಳಿಮನೆ ಬೇಕು. ಪ್ರತಿ 100 ಚದರ ಅಡಿಗೆ 40 ವ್ಯಾಟಿನ ಹಳೆಯ ಬಲ್ಬು ಹಾಕಿದರೆ ಒಟ್ಟು 4,000 ವ್ಯಾಟ್. ಇದನ್ನು ಸಾಧಾರಣ ಇನ್ವರ್ಟರು ನಡೆಸಲಾರದು. ಅದೇ ಜಾಗದಲ್ಲಿ 5 ವ್ಯಾಟಿನ ಎಲ್‌ಇಡಿ ಹಾಕಿದರೆ ಒಟ್ಟು 500 ವ್ಯಾಟ್ ಮಾತ್ರ. ಮನೆಗಳಲ್ಲಿ ಬಳಸುವಂತಹ ಇನ್ವರ್ಟರು ಮತ್ತು 150 ಆಂಪಿಯರ್-ಅವರ್ ಸಾಮರ್ಥ್ಯದ ಒಂದು ಬ್ಯಾಟರಿ ಇದನ್ನು ಸುಮಾರು ಎರಡು ಗಂಟೆ ನಡೆಸಬಲ್ಲದು.

ಲಾಭನಷ್ಟದ ಲೆಕ್ಕ

ಬದುಕಿರುವ ಪ್ರತಿ 100 ಕೋಳಿಗಳಿಗೆ ದಿನವೊಂದರಲ್ಲಿ ದೊರೆಯುವ ಮೊಟ್ಟೆಗಳ ಸಂಖ್ಯೆಯೇ ಇಳುವರಿಯ ಶೇಕಡಾ ಪ್ರಮಾಣ. 5,000 ಕೋಳಿಗಳಿಂದ 4,250 ಮೊಟ್ಟೆ ದೊರೆತರೆ ಇಳುವರಿ ಶೇ. 85. ಲೆಕ್ಕದ ಅನುಕೂಲಕ್ಕಾಗಿ ಮೊಟ್ಟೆಯೊಂದಕ್ಕೆ ಸಾಕಣೆದಾರನಿಗೆ ದೊರೆಯುವ ದರವನ್ನು 5 ರೂ., ಆಹಾರದ ದರವನ್ನು ಕೆ.ಜಿ.ಗೆ 30 ರೂ., ವಿದ್ಯುತ್ತಿನ ದರವನ್ನು ಯೂನಿಟ್‌ಗೆ 8 ರೂ. ಎಂದು ಇಟ್ಟುಕೊಳ್ಳಬಹುದು. ಓದುಗರು ತಮ್ಮ ಊರಿನ ಅಂದಿನ ದರಗಳನ್ನು ಹಾಕಿ ಲೆಕ್ಕವನ್ನು ಮರಳಿ ಮಾಡಿಕೊಳ್ಳಬೇಕು.

ಮೊದಲ ಸ್ಥಿತಿ: ಸಾಮಾನ್ಯ ಹವೆಯಲ್ಲಿ ಕೋಳಿಗೆ ದಿನಕ್ಕೆ 110 ಗ್ರಾಂ ಆಹಾರ, ಇಳುವರಿ ಶೇ. 85. ಆಹಾರದ ಖರ್ಚು 16,500 ರೂ.; ಮಾರಾಟ 21,250 ರೂ.; ಉಳಿಕೆ 4,750 ರೂ. ಕೂಲಿ, ಔಷಧಿ, ಬಡ್ಡಿ, ಸವಕಳಿ ಎಲ್ಲವೂ ಈ ಉಳಿಕೆಯಿಂದಲೇ ಸಾಗಬೇಕು.

ಎರಡನೆಯ ಸ್ಥಿತಿ: ಚಳಿಗಾಲ, ಬೆಳಕಿನ ವ್ಯವಸ್ಥೆಯಿಲ್ಲ. ಆಹಾರ 115 ಗ್ರಾಂಗೆ ಏರಿದೆ, ಇಳುವರಿ ಶೇ. 78ಕ್ಕೆ ಇಳಿದಿದೆ. ಆಹಾರದ ಖರ್ಚು 17,250 ರೂ.; 3,900 ಮೊಟ್ಟೆಗಳ ಮಾರಾಟ 19,500 ರೂ.; ಉಳಿಕೆ 2,250 ರೂ. ಮೊಟ್ಟೆಯೊಂದರ ಆಹಾರದ ಖರ್ಚು 3 ರೂ. 88 ಪೈಸೆಯಿಂದ 4 ರೂ. 42 ಪೈಸೆಗೆ ಏರಿದೆ. ಇಳುವರಿಯಲ್ಲಿ ಕಡಿಮೆಯಾದದ್ದು ಏಳು ಅಂಶ ಮಾತ್ರವಾದರೂ ಉಳಿಕೆಯು ಅರ್ಧಕ್ಕಿಂತ ಕೆಳಗೆ ಇಳಿದಿದೆ.

ಮೂರನೆಯ ಸ್ಥಿತಿ: ಚಳಿಗಾಲ, ಬೆಳಕು ಸರಿಯಾಗಿದೆ. ಆಹಾರ 115 ಗ್ರಾಂ, ಇಳುವರಿ ಶೇ. 85. ದೀಪಕ್ಕೆ 500 ವ್ಯಾಟ್‌ನಂತೆ ದಿನಕ್ಕೆ 5 ಗಂಟೆ, ಅಂದರೆ 2.5 ಯೂನಿಟ್, 20 ರೂ. ಉಳಿಕೆ 3,980 ರೂ.

ಎರಡನೆಯ ಮತ್ತು ಮೂರನೆಯ ಸ್ಥಿತಿಗಳ ನಡುವಿನ ಅಂತರ ದಿನಕ್ಕೆ 1,730 ರೂ. ತೊಂಬತ್ತು ದಿನಗಳ ಚಳಿಗಾಲಕ್ಕೆ ಇದು 1,55,700 ರೂ. ಆಗುತ್ತದೆ, ವಿದ್ಯುತ್ತಿನ ಖರ್ಚು ಕೇವಲ 1,800 ರೂ. ಬಲ್ಬು, ತಂತಿ, ಟೈಮರು, ಇನ್ವರ್ಟರುಗಳ ಬಂಡವಾಳವನ್ನು ಇದರೊಡನೆ ಹೋಲಿಸಿದರೆ ಇಷ್ಟು ಶೀಘ್ರವಾಗಿ ಮರಳುವ ಹೂಡಿಕೆಯು ಕೋಳಿ ಸಾಕಾಣಿಕೆಯಲ್ಲಿ ವಿರಳವೆಂಬುದು ಸ್ಪಷ್ಟವಾಗುತ್ತದೆ.

ಆಹಾರ ಮತ್ತು ನೀರು

ಮೊಟ್ಟೆ ಉತ್ಪಾದನೆಯ ಒಟ್ಟು ವೆಚ್ಚದಲ್ಲಿ ಸುಮಾರು ಶೇ. 70 ಭಾಗ ಆಹಾರದ್ದು. ಹಿತಕರ ಹವೆಗಿಂತ ಉಷ್ಣಾಂಶವು ಇಳಿದಂತೆಲ್ಲ ಕೋಳಿಯು ದೇಹವನ್ನು ಬೆಚ್ಚಗಿಡಲು ಹೆಚ್ಚು ತಿನ್ನುತ್ತದೆ. ಹೆಚ್ಚು ತಿನ್ನುವುದೆಂದು ಆಹಾರವನ್ನು ಅಳೆದು ಕಡಿಮೆ ಹಾಕಿದರೆ, ದೊರೆತ ಶಕ್ತಿಯು ಮೊದಲು ದೇಹದ ಶಾಖಕ್ಕೆ ಸಲ್ಲುತ್ತದೆ, ಮೊಟ್ಟೆಗೆ ಉಳಿಯುವುದಿಲ್ಲ. ಚಳಿ ತೀವ್ರವಾದ ವಾರಗಳಲ್ಲಿ ಮೆಕ್ಕೆಜೋಳದ ಅಥವಾ ಎಣ್ಣೆಯ ಅಂಶವನ್ನು ತಜ್ಞರ ಸಲಹೆಯಂತೆ ತುಸು ಹೆಚ್ಚಿಸಿ ಶಕ್ತಿಯನ್ನು ಒದಗಿಸಬಹುದು. ಆದರೆ ಪ್ರೋಟೀನು, ಖನಿಜ ಮತ್ತು ಜೀವಸತ್ವಗಳ ಪ್ರಮಾಣವು ಇದರಿಂದ ಕುಗ್ಗಬಾರದು.

ಕವಚ ರಚನೆಯ ಬಹುಭಾಗವು ರಾತ್ರಿಯಲ್ಲಿ ನಡೆಯುವುದರಿಂದ ದೀಪ ಆರಿಸುವ ಮೊದಲು ಕೋಳಿಗಳ ಹೊಟ್ಟೆ ತುಂಬಿರಬೇಕು. ದಪ್ಪ ಹರಳಿನ ಸುಣ್ಣಕಲ್ಲು ಅಥವಾ ಚಿಪ್ಪಿನ ಚೂರುಗಳನ್ನು ಸಂಜೆಯ ಆಹಾರದೊಡನೆ ಕೊಟ್ಟರೆ ಅವು ನಿಧಾನವಾಗಿ ಕರಗಿ ರಾತ್ರಿಯಿಡೀ ಕ್ಯಾಲ್ಸಿಯಂ ಒದಗಿಸುತ್ತವೆ. ಚಳಿಗಾಲದಲ್ಲಿ ರಾತ್ರಿಯು ದೀರ್ಘವಾದಷ್ಟೂ ಈ ಕ್ರಮದ ಮಹತ್ತ್ವ ಹೆಚ್ಚು.

ಮೆಕ್ಕೆಜೋಳದ ಖರೀದಿಯ ವಿಷಯದಲ್ಲಿ ಆಹಾರ ತಯಾರಕರೂ ಸಾಕಣೆದಾರರೂ ಜಾಗರೂಕರಾಗಿರಬೇಕು. ದಾವಣಗೆರೆ, ಹಾವೇರಿ ಜಿಲ್ಲೆಗಳ ಮುಂಗಾರು ಬೆಳೆಯು ಅಕ್ಟೋಬರ್‌ನಿಂದ ಮಾರುಕಟ್ಟೆಗೆ ಬರತೊಡಗುತ್ತದೆ. ಆವಕ ಹೆಚ್ಚಿ ದರ ಇಳಿಯುವ ಈ ಕಾಲದಲ್ಲಿ ದಾಸ್ತಾನು ಮಾಡುವುದು ಸಹಜ. ಆದರೆ ಹೊಸ ಕಾಳಿನಲ್ಲಿ ತೇವಾಂಶ ಹೆಚ್ಚಿರುತ್ತದೆ. ಶೇ. 12-13ಕ್ಕೆ ಇಳಿಯುವವರೆಗೆ ಒಣಗಿಸದೆ ಚೀಲ ತುಂಬಿದರೆ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಇದು ಕೋಳಿಯ ಯಕೃತ್ತನ್ನು ಕೆಡಿಸಿ ಇಳುವರಿಯನ್ನು ತಗ್ಗಿಸುತ್ತದೆ. ಕ್ವಿಂಟಲಿಗೆ ಕೆಲವು ರೂಪಾಯಿ ಕಡಿಮೆಗೆ ದೊರೆತ ಹಸಿ ಕಾಳು ಕೊನೆಗೆ ಅತ್ಯಂತ ದುಬಾರಿಯಾದೀತು.

ಮೊಟ್ಟೆಯ ಮುಕ್ಕಾಲು ಭಾಗ ನೀರು. ಕೋಳಿಯು ತಿನ್ನುವ ಆಹಾರದ ತೂಕದ ಸುಮಾರು ಎರಡರಷ್ಟು ನೀರನ್ನು ಕುಡಿಯುತ್ತದೆ. ರಾತ್ರಿಯಿಡೀ ತೆರೆದ ತೊಟ್ಟಿಯಲ್ಲಿ ತಣ್ಣಗಾದ ನೀರನ್ನು ಅದು ಜಾವದಲ್ಲಿ ಕಡಿಮೆ ಕುಡಿಯುತ್ತದೆ. ನೀರು ಕಡಿಮೆಯಾದರೆ ಆಹಾರವೂ ಕಡಿಮೆಯಾಗುತ್ತದೆ. ಕೊಳವೆಯಲ್ಲಿ ಉಳಿದ ತಣ್ಣನೆಯ ನೀರನ್ನು ಹೊರಬಿಟ್ಟು, ಕೊಳವೆಬಾವಿಯಿಂದ ಆಗತಾನೆ ಎತ್ತಿದ ನೀರನ್ನು ಒದಗಿಸುವುದು ಸುಲಭ ಪರಿಹಾರ. ನೀರಿನ ಮೂಲಕ ಔಷಧಿ ಅಥವಾ ಲಸಿಕೆ ಕೊಡುವಾಗ ಚಳಿಗಾಲದ ಕಡಿಮೆ ಬಳಕೆಗೆ ತಕ್ಕಂತೆ ನೀರಿನ ಅಳತೆಯನ್ನು ಲೆಕ್ಕ ಹಾಕಬೇಕು.

ಗಾಳಿ, ಪರದೆ ಮತ್ತು ರೋಗ

ಚಳಿಗೆ ಹೆದರಿ ಕೋಳಿಮನೆಯ ನಾಲ್ಕೂ ಬದಿಗಳನ್ನು ಟಾರ್ಪಾಲಿನಿಂದ ಬಿಗಿಯುವುದು ಚಳಿಗಿಂತ ಹೆಚ್ಚು ಅಪಾಯಕಾರಿ. ಹಿಕ್ಕೆಯಿಂದ ಏಳುವ ಅಮೋನಿಯಾ ಹೊರಹೋಗದೆ ಕೋಳಿಗಳ ಕಣ್ಣು ಮತ್ತು ಶ್ವಾಸನಾಳಗಳನ್ನು ಕೆಡಿಸುತ್ತದೆ. ಬೆಳಗ್ಗೆ ಒಳಹೊಕ್ಕವನ ಕಣ್ಣು ಉರಿದರೆ ಗಾಳಿ ಕೆಟ್ಟಿದೆಯೆಂದೇ ಅರ್ಥ. ಗಾಳಿ ಬೀಸುವ ಬದಿಯಲ್ಲಿ ಗೋಣಿತಟ್ಟಿನ ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಏರಿಸಿ, ಮೇಲ್ಭಾಗದಲ್ಲಿ ಒಂದರಿಂದ ಒಂದೂವರೆ ಅಡಿ ತೆರೆದಿಡಬೇಕು. ಬಿಸಿಲೇರಿದೊಡನೆ ಪರದೆಯನ್ನು ಇಳಿಸಬೇಕು. ನೆಲದ ಹೊಟ್ಟನ್ನು ಕೆದಕಿ ಒಣಗಿಸುತ್ತಿರಬೇಕು.

ಕೊಕ್ಕರೆ ರೋಗ, ಸಾಂಕ್ರಾಮಿಕ ಬ್ರಾಂಕೈಟಿಸ್, ಕೊರೈಜಾ ಮೊದಲಾದ ಶ್ವಾಸರೋಗಗಳು ಇಳುವರಿಯನ್ನು ಹಠಾತ್ತನೆ ಕುಗ್ಗಿಸುತ್ತವೆ. ಪಶುವೈದ್ಯರ ಸಲಹೆಯಂತೆ ಲಸಿಕೆಯ ಕಾರ್ಯಕ್ರಮವು ಚಳಿಗಾಲಕ್ಕೆ ಮೊದಲೇ ಪೂರ್ಣಗೊಂಡಿರಬೇಕು. ಭಾರತದಲ್ಲಿ ಹಕ್ಕಿಜ್ವರವು ಮೊದಲು ದೃಢಪಟ್ಟದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದ ಹೆಸರಘಟ್ಟದಲ್ಲಿ 2012ರ ಅಕ್ಟೋಬರ್‌ನಲ್ಲಿ ಅದು ಕಾಣಿಸಿಕೊಂಡಿತು. ವಲಸೆ ಹಕ್ಕಿಗಳು ಕೆರೆಗಳಿಗೆ ಬಂದಿಳಿಯುವ ಈ ತಿಂಗಳುಗಳಲ್ಲಿ ಕಾಡುಹಕ್ಕಿಗಳು ಒಳನುಗ್ಗದಂತೆ ಜಾಲರಿ ಕಟ್ಟುವುದು, ಹೊರಗಿನ ವಾಹನ ಹಾಗೂ ಖಾಲಿ ಟ್ರೇಗಳನ್ನು ಸೋಂಕುರಹಿತಗೊಳಿಸುವುದು ಅನಿವಾರ್ಯ. ಒಂದು ಘಟಕದಿಂದ ಮತ್ತೊಂದಕ್ಕೆ ಸುತ್ತುವ ಹಳೆಯ ಟ್ರೇಗಳ ಬಗೆಗೆ ವರ್ತಕರ ಹೊಣೆಯೂ ಸಣ್ಣದಲ್ಲ.

ಹಿಂಡಿನ ವಯಸ್ಸು: ಜೂನ್ ತಿಂಗಳಲ್ಲೇ ಚಳಿಗಾಲದ ಯೋಜನೆ

ಬೆಳಕು, ಆಹಾರ ಎಲ್ಲವೂ ಸರಿಯಿದ್ದರೂ ವಯಸ್ಸು ಮೀರಿದ ಕೋಳಿಯಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಮೊಟ್ಟೆಯ ತಳಿಯ ಕೋಳಿಗಳು 18-20 ವಾರಗಳಲ್ಲಿ ಮೊಟ್ಟೆಯಿಡಲಾರಂಭಿಸಿ 26ರಿಂದ 30 ವಾರಗಳ ನಡುವೆ ಗರಿಷ್ಠ ಇಳುವರಿಯನ್ನು ತಲುಪುತ್ತವೆ. ಜೂನ್ ಮೊದಲ ವಾರದಲ್ಲಿ ಬಿಟ್ಟ ಮರಿಗಳು ಅಕ್ಟೋಬರ್ ಮೂರನೆಯ ವಾರದಲ್ಲಿ 20 ವಾರ ತುಂಬಿ, ಡಿಸೆಂಬರ್ ಮಧ್ಯದಲ್ಲಿ 28 ವಾರಕ್ಕೆ ಬರುತ್ತವೆ. ಬೇಡಿಕೆಯ ಶಿಖರವೂ ಇಳುವರಿಯ ಶಿಖರವೂ ಒಂದಾಗುವುದು ಹೀಗೆ. ಇಂತಹ ಮರಿಗಳು ಬೆಳೆಯುವ ಕಾಲದಲ್ಲಿ ಹಗಲು ತಾನಾಗಿಯೇ ಕುಗ್ಗುತ್ತಿರುವುದರಿಂದ ಅಕಾಲ ಪ್ರೌಢತೆಯ ಭಯವೂ ಕಡಿಮೆ. ದೇಹದ ತೂಕ ಸರಿಯಾಗಿದ್ದರೆ 18-19ನೆಯ ವಾರದಿಂದ ಬೆಳಕನ್ನು ವಾರಕ್ಕೆ ಅರ್ಧ ಗಂಟೆಯಂತೆ ಏರಿಸುತ್ತ 16 ಗಂಟೆಗೆ ತಲುಪಿಸಬೇಕು.

ಹಳೆಯ ಹಿಂಡಿನಲ್ಲಿ ಮೊಟ್ಟೆಯಿಡದ ಕೋಳಿಗಳನ್ನು ಚಳಿಗಾಲಕ್ಕೆ ಮೊದಲೇ ಬೇರ್ಪಡಿಸಬೇಕು. ಬಾಡಿದ ಜುಟ್ಟು, ಒಣಗಿದ ಗುದದ್ವಾರ, ಎರಡು ಬೆರಳು ಹಿಡಿಯದಷ್ಟು ಕಿರಿದಾದ ಕಟಿಮೂಳೆಗಳ ಅಂತರ ಇವು ಅದರ ಲಕ್ಷಣಗಳು. ಇಂತಹ ಒಂದು ಕೋಳಿಯು ದಿನಕ್ಕೆ ಮೂರು ರೂಪಾಯಿಗೂ ಮೀರಿದ ಆಹಾರವನ್ನು ತಿಂದು ಏನನ್ನೂ ಕೊಡುವುದಿಲ್ಲ.

ವರ್ತಕರು ಗಮನಿಸಬೇಕಾದುದು

ಚಳಿಗಾಲದ ಪೂರೈಕೆಗೆ ಒಪ್ಪಂದ ಮಾಡಿಕೊಳ್ಳುವ ವರ್ತಕರು ದರವನ್ನಷ್ಟೇ ಕೇಳದೆ ಹಿಂಡಿನ ವಯಸ್ಸು, ಬೆಳಕಿನ ವ್ಯವಸ್ಥೆ, ಬದಲಿ ವಿದ್ಯುತ್ತು ಮತ್ತು ದೈನಂದಿನ ಇಳುವರಿಯ ಪುಸ್ತಕ ಇವುಗಳನ್ನು ನೋಡುವುದು ಲೇಸು. ನಿಗದಿತ ದರದಲ್ಲಿ ಶಾಲೆಗಳಿಗೆ ಅಥವಾ ಅಂಗನವಾಡಿಗಳಿಗೆ ಮೊಟ್ಟೆ ಒದಗಿಸುವವರಿಗೆ ಇದು ಇನ್ನೂ ಮುಖ್ಯ. ದರ ಏರಿದ ಡಿಸೆಂಬರ್‌ನಲ್ಲಿ ನಂಬಿದ ಸಾಕಣೆದಾರನ ಇಳುವರಿ ಕುಸಿದರೆ, ವರ್ತಕನು ಹೊರಗಿನ ಮಾರುಕಟ್ಟೆಯಿಂದ ಹೆಚ್ಚಿನ ಬೆಲೆಗೆ ಕೊಂಡು ಕಡಿಮೆ ಬೆಲೆಗೆ ಕೊಡಬೇಕಾಗುತ್ತದೆ. ಇಲ್ಲವೇ ಮಕ್ಕಳ ತಟ್ಟೆಗೆ ಮೊಟ್ಟೆ ತಪ್ಪುತ್ತದೆ. ಮೇಲಿನ ಉದಾಹರಣೆಯ 350 ಮೊಟ್ಟೆಗಳ ಕೊರತೆಯು 210 ಮೊಟ್ಟೆಗಳ ಪೆಟ್ಟಿಗೆಯ ಲೆಕ್ಕದಲ್ಲಿ ದಿನಕ್ಕೆ ಒಂದೂವರೆ ಪೆಟ್ಟಿಗೆಗೂ ಹೆಚ್ಚು. ಇನ್ವರ್ಟರಿಗಾಗಿ ಮುಂಗಡ ಕೊಟ್ಟು ಸರಕಿನಲ್ಲಿ ವಜಾ ಮಾಡಿಕೊಳ್ಳುವ ಏರ್ಪಾಡು ಇಬ್ಬರಿಗೂ ಲಾಭದಾಯಕವಾಗಬಲ್ಲದು.

ಸಾರಾಂಶ

1. ಮೊಟ್ಟೆಯಿಡುವ ಕೋಳಿಗೆ ವರ್ಷವಿಡೀ 16 ಗಂಟೆಗಳ ಬೆಳಕು; ಹಚ್ಚುವ ಮತ್ತು ಆರಿಸುವ ವೇಳೆಯಲ್ಲಿ ಬದಲಾವಣೆ ಕೂಡದು.

2. ಬ್ಯಾಟರಿಯುಳ್ಳ ಟೈಮರು, ಎಲ್‌ಇಡಿ ದೀಪ, ಎರಡು ಗಂಟೆಯಾದರೂ ನಡೆಯುವ ಇನ್ವರ್ಟರು ಇರಲಿ.

3. ಚಳಿಯಲ್ಲಿ ಆಹಾರವನ್ನು ಕಡಿತಗೊಳಿಸಬಾರದು. ಸಂಜೆ ಸುಣ್ಣಕಲ್ಲಿನ ಹರಳು ಕೊಡಬೇಕು. ಹಸಿ ಮೆಕ್ಕೆಜೋಳವನ್ನು ದಾಸ್ತಾನು ಮಾಡಬಾರದು.

4. ಪರದೆಯ ಮೇಲ್ಭಾಗ ಸದಾ ತೆರೆದಿರಬೇಕು. ಲಸಿಕೆ ಮೊದಲೇ ಮುಗಿದಿರಬೇಕು.

5. ಡಿಸೆಂಬರ್‌ನ ಇಳುವರಿಗೆ ಜೂನ್‌ನಲ್ಲಿ ಮರಿ ಬಿಡಬೇಕು.

6. ಪ್ರತಿದಿನ ಕೋಳಿಗಳ ಸಂಖ್ಯೆ, ಮೊಟ್ಟೆ, ಆಹಾರ ಹಾಗೂ ವಿದ್ಯುತ್ ಕಡಿತದ ಅವಧಿಯನ್ನು ಒಂದೇ ಪುಸ್ತಕದಲ್ಲಿ ಬರೆದಿಡಬೇಕು. ಇಳುವರಿ ಕುಸಿದ ದಿನ ಎರಡು ವಾರಗಳ ಹಿಂದಿನ ಪುಟವನ್ನು ತಿರುವಿ ನೋಡಿದರೆ ಅನೇಕ ವೇಳೆ ಕಾರಣವು ಅಲ್ಲಿಯೇ ದೊರೆಯುತ್ತದೆ.